ಗೊಂಬೆಯನ್ನೆತ್ತಿಕೊಂಡ ಫೋಟೋ

ಆವಿಯಕ್ಕ ಎಂಬ ಹೆಸರು ಅವಳಿಗೆ ಬಂದದ್ದು ನೆಲಮಾಳಿಗೆಗೆ ಇಳಿದ ಮೇಲೆ. ಅದಕ್ಕೆ ಮೊದಲು ಅವಳು ಆ ದೊಡ್ಡ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಹೆರಿಗೆ ವಾರ್ಡಿನಲ್ಲಿ, ಬರೀ ಸಿಸ್ಟರ್. ಆ ವಾರ್ಡಿನಲ್ಲಿ ಸಿಸ್ಟರುಗಳಿಗೇನೂ ಬರವಿರಲಿಲ್ಲ. ಆದರೂ ನೋವು ತಿನ್ನುತ್ತಿದ್ದ ಹೆಂಗಸು "ಸಿಸ್ಟರ್ನ ಕರೀರಿ" ಎಂದು ಕೂಗಿದರೆ ಅದು ಯಾರನ್ನು ಎಂದು ಆಯಾಗಳು ಕೇಳುತ್ತಿರಲಿಲ್ಲ, ನೇರವಾಗಿ ಇವಳ ಹತ್ತಿರ ಓಡಿ ಬರುತ್ತಿದ್ದರು.

ಅವಳ ಬಾಯಿ ಅಂಥದ್ದು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದವಳ ತಲೆ ಸವರುತ್ತಾ, "ಇನ್ನೂ ಸ್ವಲ್ಪ ಜೋರಾಗಿ ಕೂಗಮ್ಮಾ, ನಿನ್ನ ಗಂಡ ಹೊರಗೆ ಆರಾಮಾಗಿ ಪೇಪರ್ ಓದ್ತಾ ಕೂತಿದಾನೆ. ಅವನಿಗೂ ಗೊತ್ತಾಗ್ಲಿ" ಎನ್ನುವಳು. ಅಷ್ಟು ನೋವಿನಲ್ಲೂ ಆ ಹೆಂಗಸಿಗೆ ನಗು ಬಂದುಬಿಡುತ್ತಿತ್ತು. ನಗುತ್ತಲೇ ಬೈಯುತ್ತಿದ್ದರು, ಬೈಯುತ್ತಲೇ ಹೆರುತ್ತಿದ್ದರು. ಹುಟ್ಟಿದ ಮಗುವನ್ನು ಮೊದಲು ಎತ್ತಿಕೊಳ್ಳುತ್ತಿದ್ದದ್ದು ಅವಳ ಕೈ. ಒರೆಸಿ, ಬಟ್ಟೆ ಸುತ್ತಿ, "ಬಂದ್ಯಾ ಮಹರಾಯ, ಇಷ್ಟು ಹೊತ್ತು ಏನ್ ಮಾಡ್ತಿದ್ದೆ ಒಳಗೆ?" ಎಂದು ವಿಚಾರಿಸಿಕೊಂಡೇ ತಾಯಿಯ ಪಕ್ಕದಲ್ಲಿ ಮಲಗಿಸುವಳು.

ಅದೇ ಕೈಯ ಬೆರಳ ತುದಿಯಲ್ಲಿ ಮೊದಲು ಕಾಣಿಸಿಕೊಂಡದ್ದು ಬಿಳಿ ಮಚ್ಚೆ. ಅಕ್ಕಿಕಾಳಿನಷ್ಟು. ಸೋಪಿನ ಕಲೆ ಇರಬೇಕೆಂದು ಉಜ್ಜಿದಳು. ಅದು ಸೋಪಿನ ಕಲೆಯಲ್ಲ. ವರ್ಷ ತಿರುಗುವುದರೊಳಗೆ ಬೆರಳುಗಳಿಂದ ಮುಂಗೈಗೆ ಹರಿದು, ತುಟಿಯ ಅಂಚು ಹಿಡಿದು, ಕೊನೆಗೆ ಎಡಗಣ್ಣಿನ ಸುತ್ತ ಒಂದು ಬಿಳಿ ಬಳೆ ಇಟ್ಟಂತೆ ಕೂತಿತು. ಅದೇ ಆಸ್ಪತ್ರೆಯ ಚರ್ಮದ ಡಾಕ್ಟರು ನೋಡಿ ಹೇಳಿದರು: "ತೊನ್ನು. ಅಂಟುರೋಗ ಅಲ್ಲ. ನೋವಿಲ್ಲ, ತುರಿಕೆ ಇಲ್ಲ. ಚರ್ಮ ಬಣ್ಣ ಕಳ್ಕೊಳ್ಳುತ್ತೆ, ಅಷ್ಟೇ."

ಮನೆಯಲ್ಲಿ ಗಂಡ ಅದನ್ನು ಹಗುರ ಮಾಡಲು ನೋಡಿದ. ಅವನು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಯಾವಾಗಲೂ ವಾರ್ನಿಷಿನ ವಾಸನೆ. ಒಂದು ಸಂಜೆ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಯಾರೋ ನಿನ್ನ ಮುಖದ ಮೇಲೆ ಭೂಪಟ ಬರೀತಿದಾರೆ ಕಣೇ. ನಾನಿನ್ನು ಮನೇಲಿ ಕೂತೇ ದೇಶ ಸುತ್ತಬಹುದು" ಎಂದ. ಅವಳು ಕೈಯಲ್ಲಿದ್ದ ಸೌಟನ್ನೇ ಬೀಸಿದಳು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ಬಿದ್ದೂ ಬಿದ್ದೂ ನಕ್ಕಳು. ಮನೆಯ ಮಟ್ಟಿಗೆ ಆ ವಿಷಯ ಅಲ್ಲಿಗೆ ಮುಗಿಯಿತು.

ಆಸ್ಪತ್ರೆಯಲ್ಲಿ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಅವಳು ಆಗತಾನೇ ಹುಟ್ಟಿದ ಹೆಣ್ಣುಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಳು. ಬಾಗಿಲಲ್ಲಿ ಮಗುವಿನ ಅಜ್ಜಿ ನಿಂತಿದ್ದಳು. ಅಜ್ಜಿಯ ಕಣ್ಣು ಮಗುವಿನ ಮೇಲೆ ಬೀಳುವ ಮೊದಲು ಸಿಸ್ಟರಿನ ಕೈ ಮೇಲೆ ಬಿತ್ತು. ಮುದುಕಿ ಮಗುವನ್ನು ಕಿತ್ತುಕೊಂಡಳು. ಕಿತ್ತುಕೊಂಡ ರಭಸಕ್ಕೆ ಮಗು ಬೆಚ್ಚಿ ಅತ್ತಿತು.

"ಯಾರ್ರೀ ಇವಳನ್ನ ಒಳಗೆ ಬಿಟ್ಟಿದ್ದು? ಇವಳ ಕೈಲಿ ಮಗು ಕೊಡ್ತೀರಾ? ನಿಮಗೇನು ಕಣ್ಣಿಲ್ವಾ?"

ಕಾರಿಡಾರಿಗೆ ಕಾರಿಡಾರೇ ತಿರುಗಿ ನೋಡಿತು. ಮಾತಿಗೆ ಮಾತು ಜೋಡಿಸುವುದರಲ್ಲಿ ಎತ್ತಿದ ಕೈಯಾದ ಅವಳು ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ನಿಂತಳು.

ಮಧ್ಯಾಹ್ನ ಮೇಟ್ರನ್ ಕರೆಸಿದರು. ಆಸ್ಪತ್ರೆಯ ಸಿಸ್ಟರುಗಳಿಗೆಲ್ಲ ಯಜಮಾನಿಯಾದ ಆಕೆ ಕೆಟ್ಟವರಲ್ಲ. ಟೀ ತರಿಸಿದರು, ಕುರ್ಚಿ ತೋರಿಸಿದರು.

"ನೋಡಮ್ಮ, ಆ ಮುದುಕಿ ಅಂದಿದ್ದು ತಪ್ಪು. ಅದು ನನಗೂ ಗೊತ್ತು, ನಿನಗೂ ಗೊತ್ತು. ಆದ್ರೆ ದಿನಾ ಬೆಳಗಾದ್ರೆ ಇಂಥವರು ಬರ್ತಾನೇ ಇರ್ತಾರೆ. ಎಷ್ಟು ಜನರ ಬಾಯಿಗೆ ಬೀಗ ಹಾಕೋಕಾಗುತ್ತೆ? ಸ್ವಲ್ಪ ದಿನ ಕೆಳಗಡೆ ಶುದ್ಧಿ ಕೋಣೇಲಿರು. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಸ್ವಲ್ಪ ದಿನ ಅಂದ್ರೆ ಎಷ್ಟು ದಿನ ಮೇಡಂ?"

"ಎಲ್ಲಾ ತಣ್ಣಗಾಗೋವರೆಗೆ."

ಶುದ್ಧಿ ಕೋಣೆಯಲ್ಲಿ ಮಾತ್ರ ಯಾವುದೂ ತಣ್ಣಗಾಗುತ್ತಿರಲಿಲ್ಲ. ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ, ತಟ್ಟೆ, ಹಸಿರು ಬಟ್ಟೆಗಳೆಲ್ಲ ಬಂದು ಬೀಳುವುದು ಅಲ್ಲಿಗೆ. ತೊಳೆದು, ಒರೆಸಿ, ಗಂಟು ಕಟ್ಟಿ, ಹಂಡೆಯಂಥ ದೊಡ್ಡ ಯಂತ್ರದೊಳಗಿಟ್ಟು ಬಿಸಿ ಆವಿ ಬಿಡಬೇಕು. ಬಾಗಿಲು ತೆಗೆದಾಗ ಮುಖಕ್ಕೆ ರಾಚುವ ಹಬೆಗೆ ರೆಪ್ಪೆಯ ಕೂದಲೂ ಒದ್ದೆಯಾಗುತ್ತಿತ್ತು. ಕಿಟಕಿ ಎನ್ನುವುದು ಗೋಡೆಯ ಮೇಲ್ತುದಿಯಲ್ಲಿ ಒಂದು ಉದ್ದನೆಯ ಸೀಳು. ಅದರಾಚೆ ಹೋಗಿಬರುವವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಯಂತ್ರದ ಭೋರ್ಗರೆತದಲ್ಲಿ ಮಾತಾಡಬೇಕೆಂದರೆ ಕಿರುಚಬೇಕು. ಕಿರುಚಿ ಹೇಳುವಂಥ ಸುದ್ದಿಯಾದರೂ ಅಲ್ಲಿ ಏನಿತ್ತು? ಗಂಟುಗಳನ್ನು ತಳ್ಳುಗಾಡಿಯಲ್ಲಿ ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಿದ್ದ ಗಾಡಿಯಣ್ಣ ಒಬ್ಬನೇ ಅವಳ ಜೊತೆಗಾರ. ಅವಳಿಗೆ ಆವಿಯಕ್ಕ ಎಂದು ಹೆಸರಿಟ್ಟವನೂ ಅವನೇ. ಹೆಸರು ಗಾಡಿಯ ಜೊತೆಗೇ ಮಹಡಿ ಮಹಡಿ ಹತ್ತಿ ಇಡೀ ಆಸ್ಪತ್ರೆಯಲ್ಲಿ ನೆಲೆಯೂರಿತು.

ಮೊದಮೊದಲು ಅವಳು ಮೇಟ್ರನ್ ಕೋಣೆಗೆ ಹೋಗಿ ಕೇಳುತ್ತಿದ್ದಳು. ಪ್ರತಿ ಸಲವೂ ಒಂದೇ ಉತ್ತರ: "ನಿನ್ನಷ್ಟು ಚೊಕ್ಕವಾಗಿ ಆ ಕೆಲಸ ಯಾರು ಮಾಡ್ತಾರಮ್ಮ?" ಹೊಗಳಿಕೆಯೇ ಅಗುಳಿಯಾಗಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆಮೇಲಾಮೇಲೆ ಕೇಳುವುದನ್ನು ಬಿಟ್ಟಳು. ಮಗಳು ಓದಿ ಟೀಚರಾದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಮೇಟ್ರನ್ ನಿವೃತ್ತರಾದರು. ಆವಿಯಕ್ಕನ ತಲೆಗೂದಲಿನ ಒಂದು ಗೊಂಚಲೂ ಮಚ್ಚೆಯ ಬಣ್ಣಕ್ಕೆ ತಿರುಗಿತು. ಆ 'ಸ್ವಲ್ಪ ದಿನ' ಇನ್ನೂ ಮುಗಿದಿರಲಿಲ್ಲ.

ಆಗ ಬಂದರು ಹೊಸ ನಿರ್ದೇಶಕಿ. ಚುರುಕಿನ ಹೆಂಗಸು, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತುವವರು. ಬಂದವರೇ ಗೋಡೆಗಳಿಗೆ ಬಣ್ಣ ಹೊಡೆಸಿದರು, ಸಿಬ್ಬಂದಿಯನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಭಾಷಣ ಮಾಡಿದರು. ಈ ಸಂಸ್ಥೆಯಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ, ಕಣ್ಣಿಗೆ ಬೀಳದೆ ದುಡಿಯುವವರನ್ನು ಬೆಳಕಿಗೆ ತರಬೇಕು ಎಂದರು. 'ಎಲ್ಲರೂ ನಮ್ಮವರೇ' ಎಂಬ ಹೆಸರಲ್ಲಿ ಒಂದು ವಾರದ ಕಾರ್ಯಕ್ರಮ ಗೊತ್ತಾಯಿತು. ಹೊರಗಿನಿಂದ ತಪಾಸಣೆಯವರು ವರ್ಷಕ್ಕೊಮ್ಮೆ ಬಂದು ಆಸ್ಪತ್ರೆಗೆ ದರ್ಜೆ ಕೊಡುವ ಕಾಲವೂ ಅದೇ ಆಗಿತ್ತು. ಎರಡೂ ಒಟ್ಟಿಗೆ ಬಂದದ್ದು ಕಾಕತಾಳೀಯ ಎಂದು ನಂಬುವಷ್ಟು ಸಾಧುಗಳು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

ಸಿಬ್ಬಂದಿ ಅಧಿಕಾರಿ ಒಬ್ಬ ಎಳೆಯ ವಯಸ್ಸಿನವನು. ಒಂದು ದಿನ ಅವನು ಫೋಟೋಗ್ರಾಫರನ್ನು ಕಟ್ಟಿಕೊಂಡು ನೆಲಮಾಳಿಗೆಗೆ ಇಳಿದು ಬಂದ. ಹಬೆಯೊಳಗಿಂದ ಹೊರಬಂದ ಆವಿಯಕ್ಕನ ಮುಖ ನೋಡಿದ. ಕೈಗಳನ್ನು ನೋಡಿದ. ಅವನ ಮುಖ ಊರಗಲವಾಯಿತು.

"ಸಿಕ್ಕಿಬಿಟ್ರು!" ಎಂದ ಫೋಟೋಗ್ರಾಫರನ ಕಡೆ ತಿರುಗಿ.

ತನ್ನ ಮುಖ ನೋಡಿ ಯಾರಾದರೂ ಅಷ್ಟು ಸಂತೋಷಪಟ್ಟು ಎಷ್ಟು ಕಾಲವಾಗಿತ್ತೋ. ಅವಳಿಗೆ ಒಳಗೊಳಗೇ ಖುಷಿಯೂ ಆಯಿತು, ಹೀಗೇಕೆ ಎಂಬ ಅಳುಕೂ ಆಯಿತು.

ಫೋಟೋ ತೆಗೆಯಲು ಅವಳನ್ನು ಹೆರಿಗೆ ವಾರ್ಡಿಗೇ ಕರೆದುಕೊಂಡು ಹೋದರು. ಅಷ್ಟು ವರ್ಷಗಳ ಮೇಲೆ ಆ ಬಾಗಿಲು ದಾಟಿ ಅವಳು ಸುತ್ತ ನೋಡಿದಳು. ಮಂಚಗಳು ಬದಲಾಗಿದ್ದವು, ಪರದೆಗಳು ಬದಲಾಗಿದ್ದವು. ಹಾಲು, ಡೆಟಾಲು, ಬೆವರು ಸೇರಿದ ಆ ವಾಸನೆ ಮಾತ್ರ ಅದೇ. ಎಳೆಗೂಸೊಂದು ಒಳಗೆಲ್ಲೋ ಅಳುತ್ತಿತ್ತು. ಹಸಿವಿನ ಅಳು.

"ಯಾವ ಮಗುನ ಎತ್ಕೊಳ್ಳಲಿ?" ಎಂದು ಕೇಳಿದಳು, ಕೈ ತೊಳೆಯುತ್ತಾ.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಅದು... ನಿಜವಾದ ಮಗು ಅಂದ್ರೆ ತಂದೆತಾಯಿ ಒಪ್ಪಿಗೆ ಬೇಕಾಗುತ್ತೆ. ಒಂದಿಬ್ಬರನ್ನ ಕೇಳಿದ್ವಿ. ಅವರು... ಟೈಮ್ ಇಲ್ಲ ನೋಡಿ. ಅದಕ್ಕೇ ಇದು."

ಆಯಾ ಒಬ್ಬಳು ಗೊಂಬೆ ತಂದು ಕೈಗಿಟ್ಟಳು. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಮಗುವಿಗೆ ಸ್ನಾನ ಮಾಡಿಸುವುದನ್ನು ಹೇಳಿಕೊಡುವ ರಬ್ಬರಿನ ಗೊಂಬೆ. ಒಂದು ಕಣ್ಣು ಮುಚ್ಚುತ್ತಿತ್ತು, ಇನ್ನೊಂದು ಮುಚ್ಚುತ್ತಿರಲಿಲ್ಲ. ಆವಿಯಕ್ಕನ ಎಡಗೈ ತನ್ನಷ್ಟಕ್ಕೇ ಗೊಂಬೆಯ ಕತ್ತಿನಡಿಗೆ ಹೋಗಿ ತಲೆಯನ್ನು ಮೊಣಕೈ ಮಡಿಕೆಯಲ್ಲಿ ಕೂರಿಸಿಕೊಂಡಿತು. ಆಮೇಲೆ ಅವಳಿಗೇ ನಾಚಿಕೆಯಾಯಿತು.

"ಸೂಪರ್!" ಎಂದ ಫೋಟೋಗ್ರಾಫರ. "ನಿಜವಾದ ಮಗು ಥರಾನೇ ಹಿಡ್ದಿದ್ದೀರಿ. ಈಗ ಸ್ವಲ್ಪ ನಗಿ. ಒಳಗಿಂದ ನಗಿ."

ವಾರ ಕಳೆಯುವುದರೊಳಗೆ ಆಸ್ಪತ್ರೆಯ ಮುಂಬಾಗಿಲಿನ ಗೋಡೆಯ ಮೇಲೆ ಆಳೆತ್ತರಕ್ಕೂ ಮೀರಿದ ಪೋಸ್ಟರು ಎದ್ದಿತು. ಆವಿಯಕ್ಕ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ನಗುತ್ತಿದ್ದಾಳೆ. ಕೂಸಿನ ಮುಖ ಕಾಣದಂತೆ ಬಟ್ಟೆ ಎಳೆದಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ: 'ಈ ಕೈಗಳ ಮೇಲೆ ನಮಗೆ ನಂಬಿಕೆಯಿದೆ.'

ಗಾಡಿಯಣ್ಣ ನೋಡಿಕೊಂಡು ಬಂದು ವರದಿ ಒಪ್ಪಿಸಿದ. "ಆವಿಯಕ್ಕಾ, ನಿಮ್ಮ ಮೂಗಿನ ಹೊಳ್ಳೆ ಒಳಗೆ ನನ್ನ ಮುಷ್ಟಿ ಹೋಗುತ್ತೆ. ಅಷ್ಟು ದೊಡ್ಡದು ಹಾಕಿದಾರೆ."

ಮಗಳು ಫೋನು ಮಾಡಿದಳು. ಅವಳ ದನಿ ಒದ್ದೆಯಾಗಿತ್ತು. "ಅಮ್ಮಾ, ನಮ್ಮ ಸ್ಕೂಲಿನವರೆಲ್ಲ ನಿನ್ನ ಫೋಟೋ ನನಗೇ ಕಳಿಸ್ತಿದಾರೆ. ನಮ್ಮತ್ತೆ ಓಣಿಗೆಲ್ಲ ತೋರಿಸ್ಕೊಂಡು ಬಂದ್ರು. ಆ ಮಗು ಎಷ್ಟು ಪುಣ್ಯ ಮಾಡಿತ್ತೋ ಅಂದ್ರು." ಆವಿಯಕ್ಕ "ಹೂಂ" ಎಂದಳು. ಅದು ಗೊಂಬೆ ಎಂದು ಹೇಳಲು ಬಾಯಿ ತೆರೆದವಳು, ಮಗಳ ಸಂತೋಷಕ್ಕೆ ತಣ್ಣೀರೆರಚುವುದೇಕೆಂದು ಮಾತು ನುಂಗಿಕೊಂಡಳು.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ತಪಾಸಣೆಯವರು ಮುಂದಿನ ಸಾಲಿನಲ್ಲಿ, ಅವರ ಪಕ್ಕದಲ್ಲಿ ಅತಿಥಿಯಾಗಿ ಬಂದಿದ್ದ ಹಳೆಯ ಮೇಟ್ರನ್. ಗಂಡ ಇಸ್ತ್ರಿ ಮಾಡಿದ ಶರಟು ತೊಟ್ಟು ಹಿಂದಿನ ಸಾಲಿನಲ್ಲಿ ಗಾಡಿಯಣ್ಣನ ಜೊತೆ ಕೂತಿದ್ದ. ನಿರ್ದೇಶಕಿ ಅವಳ ಕೈಗೆ ಗಾಜಿನ ಫಲಕ ಕೊಟ್ಟು ಮೈಕಿನ ಮುಂದೆ ನಿಂತರು.

"ಇವರು ಬೇಕೆಂದಿದ್ದರೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದಿತ್ತು. ಆದರೆ ತಾವೇ ಬಯಸಿ ತೆರೆಮರೆಯನ್ನು ಆರಿಸಿಕೊಂಡ ನಿಸ್ವಾರ್ಥ ಜೀವ ಇದು. ಹೆಸರು ಬೇಡ, ಬೆಳಕು ಬೇಡ, ಸೇವೆ ಸಾಕು ಎಂದವರು."

ಚಪ್ಪಾಳೆ ಬಿತ್ತು. ಆವಿಯಕ್ಕನ ಕಿವಿ ಬಿಸಿಯಾಯಿತು. ತೊನ್ನು ಅಂದದ್ದನ್ನು ಅವಳು ಸಹಿಸಿದ್ದಳು. ಮುದುಕಿ ಕಿತ್ತುಕೊಂಡದ್ದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೆ ತಾನೇ ಬಯಸಿದೆ ಎನ್ನುವ ಈ ಮಾತು ಗಂಟಲಿಗಿಂತ ಕೆಳಗೆ ಇಳಿಯಲಿಲ್ಲ. ನಿರ್ದೇಶಕಿ "ಎರಡು ಮಾತು ಹೇಳಿ" ಎಂದು ಮೈಕು ಬಾಗಿಸಿದರು. ಧನ್ಯವಾದ ಹೇಳಿಸಿಕೊಳ್ಳುವುದು ಅವರ ಲೆಕ್ಕಾಚಾರವಾಗಿತ್ತು.

"ನಾನು ಬಯಸಿರಲಿಲ್ಲ," ಎಂದಳು ಆವಿಯಕ್ಕ. ಬಹಳ ದಿನದಿಂದ ದೊಡ್ಡದಾಗಿ ಮಾತಾಡದ ದನಿ ಒಡೆದು ಬಂತು. "ನಾನು ಹೆರಿಗೆ ವಾರ್ಡಿನ ಸಿಸ್ಟರು. ನನ್ನ ಕೈ ನೋಡಿ ಒಬ್ಬರು ಗಲಾಟೆ ಮಾಡಿದ್ರು, ಅದಕ್ಕೆ ಕೆಳಗೆ ಕಳಿಸಿದ್ರು. ಸ್ವಲ್ಪ ದಿನ ಅಂದಿದ್ರು. ಈ ಕೈ ಮೇಲೆ ನಂಬಿಕೆ ಇದೆ ಅಂತ ಹೊರಗೆ ಬರೆದಿದೀರಿ. ಇದ್ರೆ ನನ್ನನ್ನ ವಾಪಸ್ ವಾರ್ಡಿಗೆ ಕಳಿಸಿ. ಈ ಗಾಜು ನೀವೇ ಇಟ್ಕೊಳ್ಳಿ, ಪರವಾಗಿಲ್ಲ."

ಹಿಂದಿನ ಸಾಲಿನಲ್ಲಿ ಗಾಡಿಯಣ್ಣ ಜೋರಾಗಿ ಒಂದು ಚಪ್ಪಾಳೆ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. ನಿರ್ದೇಶಕಿ ಒಂದೇ ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಮರುಗಳಿಗೆ ಮುಂದಿನ ಸಾಲಿನ ಕಡೆ ಕಣ್ಣು ಹಾಯಿಸಿ ಅವಳನ್ನು ಬಿಗಿಯಾಗಿ ಅಪ್ಪಿಕೊಂಡರು. "ನಾಳೆಯಿಂದಲೇ!" ಎಂದು ಮೈಕಿನಲ್ಲಿ ಘೋಷಿಸಿದರು. ಕ್ಯಾಮೆರಾಗಳು ಮಿಂಚಿದವು. ಆ ಅಪ್ಪುಗೆಯ ಫೋಟೋ ಮರುದಿನ ಪತ್ರಿಕೆಯಲ್ಲಿ ಬಂತು.

ಟೀ ಕುಡಿಯುವ ಹೊತ್ತಿಗೆ ಹಳೆಯ ಮೇಟ್ರನ್ ಕೋಲೂರಿಕೊಂಡು ಹತ್ತಿರ ಬಂದರು. ಮುಖ ಗಂಟಿಕ್ಕಿತ್ತು.

"ಅಷ್ಟು ಜನರ ಮುಂದೆ ನನ್ನ ಮಾನ ತೆಗೆದೆಯಲ್ಲ."

"ನಿಮ್ಮ ಹೆಸರು ಎತ್ತಲಿಲ್ಲ ಮೇಡಂ."

"ಎತ್ತಬೇಕಾ? ಎಲ್ಲರಿಗೂ ಗೊತ್ತಾಗಲ್ವಾ? ದಿನಾ ಒಬ್ಬೊಬ್ಬರ ಹತ್ರ ಉಗಿಸ್ಕೊಂಡು ಬದುಕಬೇಕಾಗ್ತಿತ್ತು ನೀನು ಅಲ್ಲಿ. ನಾನು ನಿನ್ನನ್ನ ಉಳಿಸಿದೆ ಅಂದ್ಕೊಂಡಿದ್ದೆ ಕಣಮ್ಮ."

"ಉಳಿಸಿದ್ರಿ ಮೇಡಂ. ಒಳ್ಳೇ ಬಟ್ಟೇನ ಪೆಟ್ಟಿಗೇಲಿಟ್ಟು ನುಸಿಗುಳಿಗೆ ಹಾಕಿ ಉಳಿಸ್ತಾರಲ್ಲ, ಹಾಗೆ ಉಳಿಸಿದ್ರಿ. ಉಡೋಕೆ ಮಾತ್ರ ತೆಗೀಲಿಲ್ಲ."

ಮೇಟ್ರನ್ ಟೀ ಲೋಟವನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹೊರಟುಹೋದರು. ಆವಿಯಕ್ಕನಿಗೆ ಗೆದ್ದೆ ಎನ್ನಿಸಲಿಲ್ಲ. ಮುದಿ ಕಾಲುಗಳು ಮೆಟ್ಟಿಲಿಳಿಯುವುದನ್ನು ನೋಡುತ್ತಾ, ಕೈ ಹಿಡಿದು ಇಳಿಸಲೇ ಎಂದು ಒಮ್ಮೆ ಅನ್ನಿಸಿತು. ಹೋಗಲಿಲ್ಲ.

ಆ ಸಂಜೆ ಮನೆಯಲ್ಲಿ ಹಬ್ಬಕ್ಕೆ ಕಡಿಮೆಯಿಲ್ಲದ ಗದ್ದಲ. ಪೆಟ್ಟಿಗೆಯ ತಳದಿಂದ ವಾರ್ಡಿನ ಹಳೆಯ ಬಿಳಿ ಯೂನಿಫಾರಂ ಹೊರಬಂತು. ಸೊಂಟದ ಹತ್ತಿರ ಬಿಗಿ. ಅವಳು ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದರೆ ಗಂಡ ಅಂಗಡಿಯ ದೀಪ ತಂದು ಹಿಡಿದ. "ಮೋಟಾರು ಹಳೇದಾದ್ರೂ ವೈಂಡಿಂಗು ಗಟ್ಟಿ ಇದೆ. ಓಡುತ್ತೆ ಬಿಡು" ಎಂದ. ಅವಳು ಸೂಜಿಯಿಂದ ಅವನ ಮಂಡಿಗೆ ಚುಚ್ಚಿದಳು.

ವಾರ್ಡಿನ ಈಗಿನ ಮುಖ್ಯ ಸಿಸ್ಟರು ವಯಸ್ಸಿನಲ್ಲಿ ಅವಳ ಮಗಳಿಗಿಂತ ಸ್ವಲ್ಪ ದೊಡ್ಡವಳು. "ಬನ್ನಿ ಅಕ್ಕಾ, ಬನ್ನಿ" ಎಂದು ಬಾಯ್ತುಂಬ ಕರೆದಳು. ಕರೆದು, ಬಟ್ಟೆ ಮಡಿಸುವ ಕೆಲಸ ಕೊಟ್ಟಳು. ಮರುದಿನ ಫೋನಿನ ಹತ್ತಿರ ಕೂರಿಸಿದಳು. ಅದರ ಮರುದಿನ ಔಷಧಿ ಬೀರು ಜೋಡಿಸಲು ಹೇಳಿದಳು. ಮಂಚಗಳ ಹತ್ತಿರ ಹೋಗಬೇಡಿ ಎಂದು ಯಾರೂ ಹೇಳಲಿಲ್ಲ. ಹೋಗುವ ಕೆಲಸ ಮಾತ್ರ ಅವಳ ಪಾಲಿಗೆ ಬರುತ್ತಿರಲಿಲ್ಲ.

ತಪಾಸಣೆಯವರು ವಾರ್ಡಿಗೆ ಬಂದ ದಿನ ಮಾತ್ರ ಮುಖ್ಯ ಸಿಸ್ಟರು ಅವಳನ್ನು ಮಂಚದ ಪಕ್ಕ ನಿಲ್ಲಿಸಿ ಒಬ್ಬ ಬಾಣಂತಿಯ ನಾಡಿ ನೋಡಲು ಹೇಳಿದಳು. ಬಂದವರು ತಲೆದೂಗಿ ಮುಂದೆ ಹೋದರು. ಅವರ ಬೆನ್ನು ತಿರುಗಿದ್ದೇ ಬಟ್ಟೆಯ ರಾಶಿ ಮತ್ತೆ ಅವಳನ್ನು ಕರೆಯಿತು.

ಆದರೂ ಒಂದು ಮಧ್ಯಾಹ್ನ ಅವಳದಾಯಿತು. ಉಳಿದವರೆಲ್ಲ ಬೇರೆ ಹೆರಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಮೂಲೆಯ ಮಂಚದ ಚೊಚ್ಚಲ ಬಸುರಿಗೆ ನೋವು ಏರಿತು. ಹುಡುಗಿ ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ಕೈ ಚಾಚಿದಳು. ಸಿಕ್ಕಿದ್ದು ಆವಿಯಕ್ಕನ ಕೈ. ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಕೈಲಿ ಆಗಲ್ಲ ಸಿಸ್ಟರ್, ಸತ್ತೋಗ್ತೀನಿ."

"ಸಾಯೋರಿಗೆಲ್ಲ ಬೇರೆ ವಾರ್ಡು ಇದೆ ಕಣೇ. ಇಲ್ಲಿಗೆ ಬಂದ್ಮೇಲೆ ಹೆರಲೇಬೇಕು. ಎಲ್ಲಿ, ಉಸಿರು ಬಿಡು. ಮೆತ್ತಗೆ. ಗಂಡನ ಮೇಲೆ ಕೋಪ ಇದ್ರೆ ನನ್ನ ಕೈ ಹಿಂಡು, ಪಾಪ ಇದಕ್ಕೂ ಅಭ್ಯಾಸ ತಪ್ಪಿಹೋಗಿದೆ."

ಹುಡುಗಿ ಅಳುತ್ತಾ ನಕ್ಕಳು. ಡಾಕ್ಟರಮ್ಮ ಓಡಿ ಬರುವ ಹೊತ್ತಿಗೆ ಹೆರಿಗೆ ಅರ್ಧ ದಾರಿ ಸಾಗಿತ್ತು. ಗಂಡುಮಗು ಹುಟ್ಟಿತು, ಹುಟ್ಟಿದ ಕೂಡಲೇ ಆವಿಯಕ್ಕನ ತೋಳಿಗೆ ಬಂತು. ಬಿಸಿಯಾಗಿತ್ತು, ಜಾರುತ್ತಿತ್ತು, ಒದೆಯುತ್ತಿತ್ತು. ಬಟ್ಟೆ ಸುತ್ತುವಾಗ ಅವಳ ಕಣ್ಣು ಮಂಜಾಯಿತು. ತೋಳಿನಿಂದಲೇ ಕಣ್ಣೊರೆಸಿಕೊಂಡು ಮಗುವನ್ನು ತಾಯಿಯ ಪಕ್ಕದಲ್ಲಿ ಮಲಗಿಸಿದಳು.

ಗಲಾಟೆ ಎದ್ದದ್ದು ಸಂಜೆ. ಹುಡುಗಿಯ ಕಡೆಯವರಲ್ಲ, ಪಕ್ಕದ ಮಂಚದವಳ ಅಣ್ಣ. ಕೂಗಾಡಲಿಲ್ಲ ಅವನು. ಮೆತ್ತಗಿನ ಮಾತಿನ ಮನುಷ್ಯ. ಮುಖ್ಯ ಸಿಸ್ಟರನ್ನು ಬದಿಗೆ ಕರೆದು, ತಮಗೇನೂ ಅಂಥ ಭೇದವಿಲ್ಲವೆಂದೂ, ತಂಗಿ ಸ್ವಲ್ಪ ಅಂಜುಬುರುಕಿಯೆಂದೂ, ಬೇರೆಯವರನ್ನು ಹಾಕಲಾಗದಿದ್ದರೆ ತಾವೇ ಬೇರೆ ಆಸ್ಪತ್ರೆ ನೋಡಿಕೊಳ್ಳುವುದಾಗಿಯೂ ಹೇಳಿದ. ಆ ಅಜ್ಜಿಯ ಕಿರುಚಾಟಕ್ಕೂ ಈ ಮೆತ್ತನೆಯ ಮಾತಿಗೂ ಎಷ್ಟು ಕಾಲದ ಅಂತರ! ಕೊನೆಗೆ ಕೇಳಿದ್ದು ಮಾತ್ರ ಅದನ್ನೇ.

ಮರುದಿನ ನಿರ್ದೇಶಕಿಯ ಕೋಣೆ. ಮೇಜಿನ ಮೇಲೆ ಹೊಸದಾಗಿ ಬಂದ ದರ್ಜೆಯ ಪ್ರಮಾಣಪತ್ರ ಚೌಕಟ್ಟಿನೊಳಗೆ ಹೊಳೆಯುತ್ತಿತ್ತು.

"ಕೂತ್ಕೊಳ್ಳಿ. ನೀವಂದ್ರೆ ನನಗೆಷ್ಟು ಗೌರವ ಅಂತ ನಿಮಗೇ ಗೊತ್ತು," ಎಂದು ಶುರುಮಾಡಿದರು. "ಆದ್ರೆ ಒಂದು ಯೋಚನೆ ಮಾಡಿ. ಎಲ್ಲರೂ ನಮ್ಮವರೇ ಅಂದ್ಮೇಲೆ ರೋಗಿಗಳೂ ನಮ್ಮವರೇ ಅಲ್ವಾ? ಅವರ ಭಾವನೆಗಳನ್ನೂ ನಾವು ಒಳಗೊಳ್ಳಬೇಕಾಗುತ್ತೆ."

ಆವಿಯಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. "ಅಂದ್ರೆ, ನನ್ನನ್ನ ಕಂಡ್ರೆ ಆಗದವರನ್ನೂ ಒಳಗೆ ಸೇರಿಸ್ಕೋಬೇಕು. ಜಾಗ ಸಾಲ್ದೆ ಹೋದ್ರೆ ನಾನು ಹೊರಗೆ."

"ಹಾಗಲ್ಲ, ಹಾಗಲ್ಲ. ನಿಮಗೆ ಇನ್ನೂ ಒಳ್ಳೇ ಜಾಗ ಯೋಚಿಸಿದೀನಿ. ಮುಂಬಾಗಿಲಲ್ಲಿ, ಪೋಸ್ಟರಿನ ಪಕ್ಕದಲ್ಲೇ ಒಂದು ಮೇಜು. ಬಂದವರಿಗೆ ನಮಸ್ಕಾರ ಹೇಳೋದು, ಗಣ್ಯರು ಬಂದಾಗ ನಮ್ಮ ಕಾರ್ಯಕ್ರಮದ ಬಗ್ಗೆ ನಾಲ್ಕು ಮಾತು. ಕೂತು ಮಾಡೋ ಕೆಲಸ."

"ಫೋಟೋ ಪಕ್ಕ ನಾನೂ ಒಂದು ಫೋಟೋ ಆಗಿ ಕೂರಬೇಕು."

"ನೀವು ಎಲ್ಲಾನೂ ಕಹಿಯಾಗಿ ತಗೋತಿದೀರಿ."

"ಕಹಿ ಇರೋದನ್ನ ಬೇರೆ ಹ್ಯಾಗೆ ತಗೊಳ್ಳಲಿ ಮೇಡಂ? ನನ್ನನ್ನ ಕೆಳಗೇ ಕಳಿಸಿಬಿಡಿ. ಅಲ್ಲಿ ಕತ್ತರಿಗಳು ಯಾರ ಕೈ ಅಂತ ಕೇಳಲ್ಲ. ಇನ್ನೊಂದು, ಆ ಪೋಸ್ಟರು ತೆಗೆಸಿ. ನನ್ನ ಕೈ ಮೇಲೆ ನಿಮಗೆ ನಂಬಿಕೆ ಇಲ್ಲ. ಅಲ್ಲಿರೋದು ಮಗೂನೂ ಅಲ್ಲ."

ಪೋಸ್ಟರು ಈಗ ಸಂಸ್ಥೆಯದು, ಅವಳು ಒಪ್ಪಿಯೇ ತೆಗೆಸಿಕೊಂಡದ್ದು, ಜನ ಅದನ್ನು ತುಂಬ ಮೆಚ್ಚಿದ್ದಾರೆ ಎಂದು ನಿರ್ದೇಶಕಿ ಬಹಳ ಸಮಾಧಾನದಿಂದ ತಿಳಿಸಿದರು. ಅದರ ಬಗ್ಗೆ ಮಾತಾಡಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಾಯಿತು. ಅಂದೇ ಮಧ್ಯಾಹ್ನ ನೆಲಮಾಳಿಗೆಗೆ ಇಳಿದಳು. ಅವಳ ಜಾಗಕ್ಕೆ ಹಾಕಿದ್ದವನು ಗಂಟುಗಳನ್ನು ಅಡ್ಡಾದಿಡ್ಡಿಯಾಗಿ ಕಟ್ಟಿ ಗುಡ್ಡೆ ಹಾಕಿದ್ದ. ಅವಳು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಗಾಡಿಯಣ್ಣ ಬಾಗಿಲಲ್ಲಿ ನಿಂತು ನೋಡಿದ, ಎರಡು ಲೋಟ ಟೀ ತಂದಿಟ್ಟ.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದಳು. ಯಾವಾಗಲೂ ಒಂದು ತಮಾಷೆ ಸಿದ್ಧವಿಟ್ಟುಕೊಂಡಿರುವ ಅವನು ಅಂದು ತಟ್ಟೆ ಪಕ್ಕಕ್ಕೆ ಸರಿಸಿದ. "ಕೆಲಸ ಬಿಟ್ಟುಬಿಡ್ತೀಯಾ?" ಎಂದ.

"ಬಿಟ್ರೆ ಅವರಿಗೇನು ನಷ್ಟ? ಫೋಟೋ ಇದೆಯಲ್ಲ, ಅದು ದುಡಿಯುತ್ತೆ."

ಮುಂದಿನ ವರ್ಷದ ಕಾರ್ಯಕ್ರಮ ಹತ್ತಿರ ಬಂದಾಗ ಸಿಬ್ಬಂದಿ ಅಧಿಕಾರಿ ಮತ್ತೆ ನೆಲಮಾಳಿಗೆಗೆ ಇಳಿದ. ಈ ಸಲ ಕ್ಯಾಮೆರಾ ಇರಲಿಲ್ಲ, ಒಂದು ಬೇಡಿಕೆಯಿತ್ತು. ಲ್ಯಾಬಿನಲ್ಲಿ ರಕ್ತ ತೆಗೆಯುವ ಒಬ್ಬ ಹುಡುಗಿ ಇದ್ದಳು, ತೀರಾ ಕುಳ್ಳಿ. ಮೇಜಿನ ಎತ್ತರಕ್ಕೆ ಬರಲು ಮನೆಯಿಂದಲೇ ಒಂದು ಮರದ ಸ್ಟೂಲು ತಂದಿಟ್ಟುಕೊಂಡಿದ್ದಳು. ಆಸ್ಪತ್ರೆಯನ್ನು ಕೇಳಿ ಕೇಳಿ ಸಾಕಾಗಿ. ಈ ವರ್ಷದ ಪೋಸ್ಟರಿಗೆ ಅವಳೇ ಆಗಬೇಕಂತೆ, ಸ್ಟೂಲಿನ ಸಮೇತ. ಹುಡುಗಿ ಹಿಂದೆಮುಂದೆ ನೋಡುತ್ತಿದ್ದಾಳೆ.

"ನೀವು ಒಂದು ಮಾತು ಹೇಳಿದ್ರೆ ಕೇಳ್ತಾಳೆ ಅಕ್ಕಾ. ನಿಮ್ಮ ಅನುಭವ ಹಂಚ್ಕೊಳ್ಳಿ."

"ಹಂಚ್ಕೋತೀನಿ," ಎಂದಳು ಆವಿಯಕ್ಕ.

ಕ್ಯಾಂಟೀನಿನ ಮೂಲೆಯಲ್ಲಿ ಹುಡುಗಿಯನ್ನು ಕೂರಿಸಿಕೊಂಡು ಒಂದನ್ನೂ ಬಿಡದೆ ಹೇಳಿದಳು. ಗೊಂಬೆ, ಗಾಜಿನ ಫಲಕ, ಬಟ್ಟೆ ಮಡಿಸಿದ್ದು, ನಿರ್ದೇಶಕಿಯ ಒಳಗೊಳ್ಳುವ ಮಾತು. "ಬೇಡ ಕಣಮ್ಮ. ನಿನ್ನ ಸ್ಟೂಲು ನಿನಗಿರಲಿ. ಅವರು ಅದನ್ನೂ ತಮ್ಮದು ಅಂತಾರೆ."

ಹುಡುಗಿ ತುಟಿ ಕಚ್ಚಿಕೊಂಡು ಕೇಳಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ನೀವು ಹೇಳೋದೆಲ್ಲ ನಿಜ ಅಕ್ಕಾ. ಆದ್ರೆ ನಿಮ್ಮದು ಕಾಯಂ ಕೆಲಸ. ನನ್ನದು ವರ್ಷ ವರ್ಷ ಅವರ ಮರ್ಜಿ. ನಾನು ಆಗಲ್ಲ ಅಂದ್ರೆ ಮುಂದಿನ ವರ್ಷ ನಾನೇ ಇರಲ್ಲ. ಕೋಪ ಮಾಡ್ಕೊಳ್ಳೋಕೂ ಒಂದು ಕಾಯಂ ಕೆಲಸ ಬೇಕು."

ಆವಿಯಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ತನಗಾದ ಅನ್ಯಾಯವನ್ನೇ ಎಲ್ಲಕ್ಕಿಂತ ದೊಡ್ಡದೆಂದು ತೂಗಿಕೊಂಡು ಕೂತಿದ್ದವಳಿಗೆ, ಎದುರಿಗಿರುವವಳ ಕಾಲಡಿ ನೆಲವೇ ಇಲ್ಲವೆಂಬುದು ಹೊಳೆದೇ ಇರಲಿಲ್ಲ. ಮತ್ತೆ ತಲೆಯೆತ್ತಿದಾಗ ವಾರ್ಡಿನ ಹಳೆಯ ಸಿಸ್ಟರಿನ ದನಿ ಅದು.

"ಹಾಗಾದ್ರೆ ನಾನು ಮಾಡಿದ ಪೆದ್ದುತನ ನೀನು ಮಾಡಬೇಡ. ನಾನು ಮೊದಲು ನಕ್ಕೆ, ಆಮೇಲೆ ಕೇಳಿದೆ. ನೀನು ಮೊದಲು ಕೇಳು. ಕಾಯಂ ಮಾಡಿದ ಆರ್ಡರು ಕೈಗೆ ಬರೋವರೆಗೂ ಸ್ಟೂಲು ಹತ್ತಬೇಡ. ತಪಾಸಣೆಯವರು ಬರೋದರೊಳಗೆ ಅವರಿಗೆ ಪೋಸ್ಟರು ಬೇಕೇ ಬೇಕು. ಕುತ್ತಿಗೆಗೆ ಬಂದಾಗಲೇ ಅವರು ಕೊಡೋದು."

"ಕೊಡದೆ ಇದ್ರೆ?"

"ಕೊಡದೆ ಇದ್ರೆ ಹೋಗೋದು ಹ್ಯಾಗೂ ಹೋಗುತ್ತೆ."

ಹುಡುಗಿ ಹಾಗೇ ಮಾಡಿದಳು. ಇಂದು ತಲೆನೋವು, ನಾಳೆ ಯೂನಿಫಾರಂ ಒಗೆಯಲು ಹಾಕಿದ್ದೇನೆ, ನಾಡಿದ್ದು ಕಣ್ಣು ಊದಿಕೊಂಡಿದೆ. ನಡುನಡುವೆ ಆರ್ಡರಿನ ಮಾತು. ಅಧಿಕಾರಿ ಬೆವರಿದ. ತಪಾಸಣೆಯವರು ಬರುವ ಹಿಂದಿನ ವಾರ ಆರ್ಡರು ಬಂತು. ಹುಡುಗಿ ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಓಡಿ ಬಂದು ಆವಿಯಕ್ಕನ ಸೊಂಟ ತಬ್ಬಿಕೊಂಡು ಗೋಳೋ ಎಂದು ಅತ್ತಳು. ಅವಳ ತಲೆ ಸವರುತ್ತಾ ಆವಿಯಕ್ಕನಿಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ಹೊಟ್ಟೆಯೊಳಗೆ ಒಂದು ಉರಿಯೂ ಎದ್ದಿತು. ಅದನ್ನು ತೋರಗೊಡದೆ, "ಸರಿ, ಮುಖ ತೊಳ್ಕೊಂಡು ಹೋಗು. ಊದಿದ ಕಣ್ಣಲ್ಲಿ ಫೋಟೋ ಚೆನ್ನಾಗಿ ಬರಲ್ಲ" ಎಂದಳು.

ಹುಡುಗಿಯ ಪೋಸ್ಟರು ಏರಿತು, ಆವಿಯಕ್ಕನದು ಇಳಿಯಿತು. ಆ ಪ್ಲಾಸ್ಟಿಕ್ ಹಾಳೆ ಗಟ್ಟಿಯಾಗಿತ್ತೆಂದು ಜನರೇಟರಿನ ಮೇಲೆ ಮಳೆ ಬೀಳದಂತೆ ಹೊದಿಸಿದರು. ನಿರ್ದೇಶಕಿ ಇನ್ನೂ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರು. ಹೋಗುವಾಗಿನ ಸಮಾರಂಭದಲ್ಲಿ ಅವರು ತಂದ ಬದಲಾವಣೆಗಳನ್ನು ಬಹಳ ಕೊಂಡಾಡಿದರು. ಮೂಲೆಯ ಮಂಚದಲ್ಲಿ ಹೆತ್ತ ಆ ಹುಡುಗಿ ಒಮ್ಮೆ ಲಸಿಕೆ ಹಾಕಿಸಲು ಮಗುವನ್ನು ಕರೆತಂದವಳು ಹೆರಿಗೆ ವಾರ್ಡಿಗೆ ಹೋಗಿ, "ಬಾಯಿ ಜೋರಿದ್ದ ಸಿಸ್ಟರು ಎಲ್ಲಿ?" ಎಂದು ಕೇಳಿದಳಂತೆ. ಹೊಸ ಸಿಸ್ಟರುಗಳಿಗೆ ಅದು ಯಾರೆಂದು ಗೊತ್ತಾಗಲಿಲ್ಲ. ಈ ವಿಷಯ ಗಾಡಿಯಣ್ಣನ ಕಿವಿಗೆ ಬೀಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಆವಿಯಕ್ಕ ನಿವೃತ್ತಳಾದದ್ದು ಶುದ್ಧಿ ಕೋಣೆಯಿಂದಲೇ. ಬೀಳ್ಕೊಡುಗೆ ಸಮಾರಂಭಕ್ಕೆ ಯಾವ ದಿನ ಅನುಕೂಲ ಎಂದು ಕೇಳಿಕೊಂಡು ಬಂದವನಿಗೆ, ಯಾವ ದಿನವೂ ಬೇಡ ಎಂದಳು. ಅವನು ಎರಡನೇ ಸಲ ಕೇಳಲಿಲ್ಲ. ಕೊನೆಯ ದಿನ ಯಂತ್ರದ ಬಾಗಿಲು, ಕೊಳವೆ, ಗಂಟು ಕಟ್ಟುವ ರೀತಿ ಎಲ್ಲವನ್ನೂ ಹೊಸದಾಗಿ ಬಂದವಳಿಗೆ ಇನ್ನೊಮ್ಮೆ ತೋರಿಸಿಕೊಟ್ಟಳು. ಕುಳ್ಳ ಹುಡುಗಿಯೂ ಗಾಡಿಯಣ್ಣನೂ ಗೇಟಿನವರೆಗೆ ಬಂದರು. ಹೊರಗೆ ಗಂಡ ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದ. ದಾರಿಯಲ್ಲಿ ತರಕಾರಿ ಕೊಂಡರು, ಅವನ ಅಂಗಡಿಗೆ ಬೇಕಾದ ವಾರ್ನಿಷು ಕೊಂಡರು, ಕತ್ತಲಾಗುವ ಮೊದಲು ಮನೆ ಸೇರಿದರು.